ನೈವೇದ್ಯದ ಬಟ್ಟಲು

ನಿವೃತ್ತ ತಹಶೀಲ್ದಾರ್ ಅಚ್ಯುತರಾಯರಿಗೆ ಸಕ್ಕರೆ ಕಾಯಿಲೆ. ಒಂದು ತಿಂಗಳು ಬರೀ ಸಿರಿಧಾನ್ಯ ತಿಂದರು. ಇನ್ನೊಂದು ತಿಂಗಳು ಅನ್ನವನ್ನೇ ಬಿಟ್ಟರು. ತೂಕವೂ ಇಳಿಯಲಿಲ್ಲ, ಶುಗರೂ ಇಳಿಯಲಿಲ್ಲ.

“ಎರಡೂ ಪಥ್ಯ ಕೆಟ್ಟಿದ್ದು ನಿನ್ನ ಕೈಯಿಂದಲೇ. ಈ ತಿಂಗಳೂ ಇಳಿಯದಿದ್ದರೆ ಬೇರೆ ಮನೆ ನೋಡಿಕೋ” ಎಂದು ಅಡುಗೆಯ ತುಂಗಮ್ಮನ ಮೇಲೆ ರೇಗಿದರು.

ದಿನಾ ಪೂಜೆ ಮುಗಿದ ಮೇಲೆ ರಾಯರು ನೈವೇದ್ಯದ ಸಿಹಿ ಸಜ್ಜಿಗೆಯನ್ನು ಬಟ್ಟಲು ತುಂಬ ತಿನ್ನುವುದನ್ನು ತುಂಗಮ್ಮ ನೋಡಿದ್ದಳು. ಪ್ರಸಾದಕ್ಕೆ ಪಥ್ಯವಿಲ್ಲ ಎಂಬುದು ಅವರ ಕಾನೂನು.

ಮರುದಿನ ರಾಯರು ಗಂಟೆ ಬಾರಿಸುತ್ತಾ ನೈವೇದ್ಯದ ಮುಚ್ಚಳ ತೆಗೆದರು. ಒಳಗೆ ಮೊಳಕೆ ಬಂದ ಮೆಂತ್ಯ! ಗಂಟೆ ನಿಂತಿತು.

“ಏನಿದು? ದೇವರಿಗೆ ಇಂಥದ್ದು ಇಡೋದಾ?”

“ಸಿರಿಧಾನ್ಯ ತಿಂದು ನೋಡಿದ್ದಾಯ್ತು, ಅನ್ನ ಬಿಟ್ಟು ನೋಡಿದ್ದಾಯ್ತು ರಾಯರೇ. ಈ ಮನೇಲಿ ಪಥ್ಯ ಮಾಡದೆ ಉಳಿದಿರೋದು ದೇವರೊಬ್ಬನೇ.”