ಕಣ್ಮುಚ್ಚಿ ನುಂಗಿದ ಗಡಿಗಪ್ಪ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟ ಮುಟ್ಟಿದರೆ ಬೆರಳಿಗೆ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಕೆರೆಗೂ ಮಾತು ಬರುತ್ತಿತ್ತು, ಗಾಳಿಗೂ ಮಾತು ಬರುತ್ತಿತ್ತು. ಆಗಿನ ಕಪ್ಪೆಗಳು ಕಣ್ಣು ಬಿಟ್ಟುಕೊಂಡೇ ನುಂಗುತ್ತಿದ್ದವು.

ಒಂದು ಕೆರೆಯ ದಂಡೆಯಲ್ಲಿ ಮಡಕೆ ಮಾಡುವ ಬೊಮ್ಮಕ್ಕ ಇದ್ದಳು. ಒಂದು ಬೆಳಗ್ಗೆ, ನೆರಳಲ್ಲಿ ಒಣಗಲು ಇಟ್ಟಿದ್ದ ಗಡಿಗೆಯೊಳಗೆ ಕೈ ಹಾಕಿದರೆ ತಣ್ಣಗೆ ಏನೋ ಮಿಸುಕಿತು. ಬಗ್ಗಿ ನೋಡಿದಳು. ಹೆಬ್ಬೆರಳಿನಷ್ಟು ಕಪ್ಪೆಮರಿ!

"ಅಯ್ಯೋ ಶಿವನೇ, ನಾನು ಮಾಡಿದ್ದು ಖಾಲಿ ಗಡಿಗೆ. ನೀನ್ಯಾವಾಗ ಬಂದು ಸೇರ್ಕೊಂಡ್ಯೋ?" ಎಂದು ನಕ್ಕಳು. ಗಡಿಗೆಯಲ್ಲಿ ಸಿಕ್ಕಿದವನಿಗೆ ಗಡಿಗಪ್ಪ ಎಂದೇ ಹೆಸರಾಯಿತು.

ಬೊಮ್ಮಕ್ಕನಿಗೆ ಮಕ್ಕಳಿರಲಿಲ್ಲ. ಎದೆಯಲ್ಲಿದ್ದ ಮುದ್ದನ್ನೆಲ್ಲ ಆ ಪುಟ್ಟ ಕಪ್ಪೆಯ ಮೇಲೆ ಸುರಿದಳು. ಅವಳ ಹಿಟ್ಟಿನ ಮಡಕೆಯಲ್ಲಿ ಹುಳು ಬಿದ್ದಿದ್ದವು. ಒಂದನ್ನು ತೆಗೆದು ಅವನ ಮುಂದೆ ಬಿಟ್ಟಳು. ಗಡಿಗಪ್ಪ ನಾಲಿಗೆ ಚಾಚಿ ಲಬಕ್ಕನೆ ಎಳೆದುಕೊಂಡ.

"ಅವ್ವಾ, ಇನ್ನೊಂದು!"

ಅವ್ವಾ ಎಂದ ಮೇಲೆ ಕೇಳಬೇಕೇ? ಬೆಳಗ್ಗೆ ಹಿಟ್ಟಿನ ಹುಳು, ಸಂಜೆ ಹಿಟ್ಟಿನ ಹುಳು. ಮಿಡತೆ ತಾನಾಗಿ ಹಾರಿ ಬಂದು ಎದುರಿಗೆ ಕೂತರೂ ಗಡಿಗಪ್ಪ ಮುಖ ತಿರುಗಿಸುತ್ತಿದ್ದ.

"ಅದರ ಕಾಲು ಚುಚ್ಚುತ್ತೆ ಅವ್ವಾ."

"ಬೇಡ ಬಿಡು ಕಂದ," ಎಂದು ಬೊಮ್ಮಕ್ಕ ಮತ್ತೆ ಹಿಟ್ಟಿನ ಮಡಕೆಗೆ ಕೈ ಹಾಕುತ್ತಿದ್ದಳು.

ಗಡಿಗಪ್ಪ ಉಂಡೆಯ ಹಾಗೆ ಊದಿಕೊಂಡ. ಬೊಮ್ಮಕ್ಕನಿಗೆ ಹಿಗ್ಗೋ ಹಿಗ್ಗು. "ನೋಡು ಗಾಳಿಯಪ್ಪಾ, ನನ್ನ ಮಗ ಹೆಂಗೆ ಮೈಕೈ ತುಂಬ್ಕೊಂಡವ್ನೆ!"

"ಮೈ ತುಂಬೈತೆ ಬೊಮ್ಮಕ್ಕ," ಎಂದಿತು ಗಾಳಿ. "ಕೈಕಾಲು ನೋಡಿದ್ಯಾ?"

ಗಾಳಿಗೆ ಹೊಟ್ಟೆಕಿಚ್ಚು ಎಂದುಕೊಂಡು ಬೊಮ್ಮಕ್ಕ ಒಳಗೆ ಹೋದಳು. ಕಾಲು ನೋಡಲಿಲ್ಲ.

ಮೊದಲ ಮಳೆ ಬಿತ್ತು. ಕೆರೆಯ ಕಪ್ಪೆಗಳೆಲ್ಲ ಒಟ್ಟಿಗೆ ದನಿ ತೆಗೆದವು. ಗಡಿಗಪ್ಪನಿಗೂ ತಡೆಯಲಾಗಲಿಲ್ಲ, ತಾನೂ ಬಾಯಿ ತೆರೆದ. ಬರೀ ಉಸಿರು ಬಂತು. ಕೆರೆಗೆ ಹೋಗಲೆಂದು ಜಿಗಿದ. ಸೊಟ್ಟಗಾಗಿದ್ದ ಹಿಂಗಾಲು ಮಡಚಿಕೊಂಡು ಅಂಗಾತ ಬಿದ್ದ.

"ಅವ್ವಾ, ನನ್ನ ಕಾಲಿಗೇನಾಯ್ತು?" ಎಂದು ಪಿಸುಗುಟ್ಟಿದ.

ಬೊಮ್ಮಕ್ಕನ ಜೀವ ಬಾಯಿಗೆ ಬಂತು. ಅವನನ್ನು ಅಂಗೈಯಲ್ಲಿಟ್ಟುಕೊಂಡು ಮಳೆಯಲ್ಲೇ ಕೆರೆಗೆ ಓಡಿದಳು.

"ಕೆರೆಯವ್ವಾ, ನಿನ್ನ ಮಣ್ಣು ನಂಬ್ಕೊಂಡು ಬದುಕಿರೋಳು ನಾನು. ಈ ಕೂಸು ಉಳಿಯೋ ದಾರಿ ಹೇಳು. ದಿನಾ ಹಿಟ್ಟಿನ ಹುಳು ಹಾಕ್ತೀನಿ, ಒಂದು ಹೊತ್ತೂ ಇವನನ್ನ ಹಸಿದಿರೋಕೆ ಬಿಟ್ಟಿಲ್ಲ ಕಣೇ!"

ಕೆರೆ ಅಂಗೈಯಲ್ಲಿದ್ದವನನ್ನು ನೋಡಿತು. ಆಮೇಲೆ ಕೇಳಿತು, "ನನ್ನ ಜೇಡಿಮಣ್ಣು ಬೆಣ್ಣೆಯಂಗೈತೆ. ಬರೀ ಅದರಲ್ಲೇ ಗಡಿಗೆ ಮಾಡ್ತೀಯಾ?"

"ಉಂಟಾ ಎಲ್ಲಾದ್ರೂ! ಸುಡೋವಾಗ ಬಿರುಕು ಬಿಡುತ್ತೆ. ಮರಳು ಬೆರೆಸ್ಬೇಕು, ಬೂದಿ ಬೆರೆಸ್ಬೇಕು, ಗುಡ್ಡದ ಕೆಮ್ಮಣ್ಣು ಒಂದಿಷ್ಟು..." ಎನ್ನುತ್ತಿದ್ದ ಬೊಮ್ಮಕ್ಕ ಅಷ್ಟಕ್ಕೇ ನಿಲ್ಲಿಸಿದಳು.

"ಗಡಿಗೆಗೆ ಇಷ್ಟೆಲ್ಲ ಬೆರೆಸ್ತೀಯ," ಎಂದಿತು ಕೆರೆ ಮೆಲ್ಲಗೆ. "ಗಡಿಗಪ್ಪನಿಗೆ ಮಾತ್ರ ಒಂದೇ ಹಿಟ್ಟಾ? ಹುಳು ಏನು ತಿಂದಿರುತ್ತೋ ಅದೇ ಕಪ್ಪೆಯ ಊಟ ಕಣೇ. ಮಿಡತೆ ಹೊಟ್ಟೇಲಿ ಹಸಿರು ಹುಲ್ಲೈತೆ. ಎರೆಹುಳ ಮಣ್ಣಿನ ಸಾರ ತರುತ್ತೆ. ಬಸವನಹುಳ ಬೆನ್ನ ಮೇಲೆ ಸುಣ್ಣಾನೇ ಹೊತ್ಕೊಂಡು ಬರುತ್ತೆ, ಮೂಳೆ ಗಟ್ಟಿಯಾಗ್ಲಿ ಅಂತ. ಹಿಟ್ಟೊಂದನ್ನೇ ತಿಂದ ಹುಳ ಏನು ತಂದೀತು?"

ಬೊಮ್ಮಕ್ಕ ಅಲ್ಲೇ ದಂಡೆ ಕೆದಕಿ ಒಂದು ಎರೆಹುಳು ತೆಗೆದು ಅವನ ಮುಂದೆ ಹಿಡಿದಳು. ಗಡಿಗಪ್ಪ ಬಾಯಿ ಬಿಗಿದುಕೊಂಡ.

"ಥೂ, ಮಣ್ಣಿನ ವಾಸನೆ. ನಂಗೆ ಹಿಟ್ಟಿನ ಹುಳಾನೇ ಬೇಕು."

ಮುದ್ದು ಮಾಡಿದಳು, ಬಾಯಿ ಬಿಡಲಿಲ್ಲ. ಗದರಿದಳು, ಬಿಡಲಿಲ್ಲ. ಅವನಿಗೆಂದು ಯಾವಾಗಲೂ ಕಟ್ಟಿಕೊಂಡಿರುತ್ತಿದ್ದ ಹಿಟ್ಟಿನ ಹುಳು ಒಂದಷ್ಟು ಅವಳ ಮಡಿಲಲ್ಲಿ ಇದ್ದವು. ಅವನು ಅಳುವುದನ್ನು ನೋಡಲಾರದೆ ಕೈ ಅತ್ತ ಹೋಯಿತು ಕೂಡ. ಆದರೆ ಆ ಸೊಟ್ಟ ಕಾಲು ಕಣ್ಣಿಗೆ ಬಿತ್ತು. ಮಡಿಲು ಕೊಡವಿ ಅಷ್ಟನ್ನೂ ಮೀನುಗಳಿಗೆ ಹಾಕಿಬಿಟ್ಟಳು. ಅವತ್ತು ಗಡಿಗಪ್ಪ ತಿನ್ನಲಿಲ್ಲ. ಅವನು ತಿನ್ನದೆ ಅವಳಿಗೂ ತುತ್ತು ಇಳಿಯಲಿಲ್ಲ.

ಬೆಳಗಾಯಿತು. ಬೊಮ್ಮಕ್ಕ ಇನ್ನೊಂದು ಎರೆಹುಳು ತಂದಳು. ಕಹಿ ಕಷಾಯದ ಲೋಟ ಹಿಡಿದು ಅಮ್ಮಂದಿರು ಹೇಳುತ್ತಾರಲ್ಲ, ಆ ಮಾತನ್ನೇ ಹೇಳಿದಳು.

"ನನ್ನಪ್ಪಾ, ಕಣ್ಮುಚ್ಚಿ ನುಂಗ್ಬಿಡು. ಒಂದೇ ಒಂದು ಸಲ."

ಗಡಿಗಪ್ಪ ಅವಳ ಬಾಡಿದ ಮುಖ ನೋಡಿದ. ಅವ್ವನೂ ಹಸಿದಿದ್ದಾಳೆ ಎಂದು ಅವನಿಗೆ ತಿಳಿಯಿತು. ಎರೆಹುಳುವನ್ನು ಬಾಯಿಗೆ ಎಳೆದುಕೊಂಡು ಕಣ್ಣು ಮುಚ್ಚಿದ. ಎಷ್ಟು ಬಿಗಿಯಾಗಿ ಮುಚ್ಚಿದನೆಂದರೆ, ಉಬ್ಬಿದ ಕಣ್ಣುಗಳೆರಡೂ ತಲೆಯೊಳಕ್ಕೆ ಇಳಿದು, ಬಾಯಲ್ಲಿದ್ದ ಹುಳುವನ್ನು ಗಂಟಲಿಗೆ ತಳ್ಳಿದವು. ಗುಳುಕ್!

"ಹೋಯ್ತಾ?"

"ಹೋಯ್ತು ಅವ್ವಾ." ಬಾಯಿ ಚಪ್ಪರಿಸಿ ನೋಡಿ, "ಅಷ್ಟೇನೂ ಕೆಟ್ಟದಾಗಿಲ್ಲ," ಎಂದ.

ಆಮೇಲೆ ಮಿಡತೆ ಬಂತು. ಕಾಲು ಚುಚ್ಚಿತು, ಕಣ್ಣು ಮುಚ್ಚಿದ, ಗುಳುಕ್. ಪುಟ್ಟ ಬಸವನಹುಳು ಬಂತು, ಕಣ್ಣು ಮುಚ್ಚಿದ, ಗುಳುಕ್. ಅಪರೂಪಕ್ಕೊಮ್ಮೆ ಹಬ್ಬದೂಟದ ಹಾಗೆ ಒಂದು ಹಿಟ್ಟಿನ ಹುಳುವೂ ಸಿಗುತ್ತಿತ್ತು. ಮಿಡತೆಗಳು ಒಂದೊಂದೂ ಒಂದೊಂದು ಕಡೆ ಹಾರುತ್ತಿದ್ದವು, ಬೆನ್ನಟ್ಟಿ ಬೆನ್ನಟ್ಟಿ ಗಡಿಗಪ್ಪನ ಕಾಲು ಗಟ್ಟಿಯಾಯಿತು.

ಮಳೆಗಾಲ ಮುಗಿಯುವ ಮುಂಚೆ ಒಂದು ಸಂಜೆ ಗಡಿಗೆಯೊಳಗಿಂದ "ವಟರ್!" ಎಂದು ಕೇಳಿತು. ಬೊಮ್ಮಕ್ಕ ಕೈಯಲ್ಲಿದ್ದ ಹಸಿ ಮಡಕೆಯನ್ನು ಕೆಳಕ್ಕೆ ಬಿಟ್ಟಳು. ಅದು ಚಪ್ಪಟೆಯಾದರೂ ಅವಳಿಗೆ ಗಮನವಿಲ್ಲ. ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ದನಿ ಬಂದ ಕಪ್ಪೆ ಗಡಿಗೆಯಲ್ಲಿ ಎಷ್ಟು ದಿನ ಇದ್ದೀತು? ಕೆರೆ ಕರೆಯುತ್ತಿತ್ತು. ಬೊಮ್ಮಕ್ಕನೇ ಅವನನ್ನು ದಂಡೆಗೆ ತಂದು ಬಿಟ್ಟಳು.

"ಇಷ್ಟವಾದದ್ದನ್ನೇ ತಿಂದ್ಕೊಂಡು ಕೂತ್ಬಿಡ್ತೀಯೇನೋ ಮಗ. ಅಲ್ಲಿ ನಿಂಗೆ ಹೇಳೋರು ಯಾರು?"

ಗಡಿಗಪ್ಪ ಪಕ್ಕದಲ್ಲಿ ಹಾರುತ್ತಿದ್ದ ಪತಂಗವೊಂದನ್ನು ನಾಲಿಗೆಯಿಂದ ಸೆಳೆದುಕೊಂಡು, ಅವಳ ಕಡೆಗೇ ತಿರುಗಿ ಕೂತು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ನುಂಗಿದ. ಆಮೇಲೆ ನೀರಿಗೆ ಹಾರಿದ.

ಅವನಿಂದ ಅವನ ಮಕ್ಕಳು ಕಲಿತರು, ಮಕ್ಕಳಿಂದ ಮೊಮ್ಮಕ್ಕಳು ಕಲಿತರು. ಕೆರೆ ಮಾತು ಮರೆಯಿತು, ಗಾಳಿಯೂ ಮರೆಯಿತು, ಆದರೆ ನೀವು ಇವತ್ತು ಯಾವ ಕಪ್ಪೆಯನ್ನು ಬೇಕಾದರೂ ನೋಡಿ, ಹುಳು ಬಾಯಿಗೆ ಬಿದ್ದ ಕೂಡಲೇ ಅದು ಕಣ್ಮುಚ್ಚಿಯೇ ನುಂಗುತ್ತದೆ, ಅವ್ವ ಇನ್ನೂ ದಂಡೆಯಲ್ಲಿ ನಿಂತು ನೋಡುತ್ತಿದ್ದಾಳೆ ಎನ್ನುವ ಹಾಗೆ.