ದೊಡ್ಡೀರನ ಮುರಿದ ಕಂಟ

ಬಿಳಿಕೋಟೆಯ ಬೊಪ್ಪರಾಜ ವರ್ಷವರ್ಷದಂತೆ ಆ ವರ್ಷವೂ ಡಂಗುರ ಸಾರಿಸಿದ. ಸಾರಿದವನ ಗಂಟಲೇನು ಸಾಮಾನ್ಯದ್ದೇ, ಏಳು ಊರಾಚೆ ಮೇಯುತ್ತಿದ್ದ ಎತ್ತುಗಳೂ ಹುಲ್ಲು ಬಿಟ್ಟು ಕತ್ತೆತ್ತಿ ಕೇಳಿದವು.

“ಅರಮನೆಯ ವಿದ್ಯಾಮನೆಗೆ ಯಾವ ಕುಲದವರೂ ಬರಬಹುದು. ರಾಜಕುಮಾರಿ ನಾಗಲೆ ಮೂರು ಒಗಟು ಕೇಳುತ್ತಾರೆ. ಒಂದು ಬಿಡಿಸಿದವನಿಗೆ ಜಗಲಿಯಲ್ಲಿ ಜಾಗ, ಎರಡು ಬಿಡಿಸಿದವನಿಗೆ ನಡುಮನೆಯಲ್ಲಿ, ಮೂರೂ ಬಿಡಿಸಿದವನಿಗೆ ಒಳಮನೆ, ಜೊತೆಗೆ ಕೇಳಿದ ವರ. ಸಾಕು ಅಂದವನು ಸಿಕ್ಕಿದ ಜಾಗದಲ್ಲಿ ಕೂರಬಹುದು. ಉತ್ತರ ತಪ್ಪಿದವನ ಕಂಟ ಮುರಿಯುತ್ತೇವೆ. ಆಮೇಲೆ ಅವನು ಅಕ್ಷರ ಮುಟ್ಟಿದರೆ ತಲೆ ಹೋಗುತ್ತದೆ.”

ಕಂಟವೆಂದರೆ ಓಲೆಗರಿಯ ಮೇಲೆ ಅಕ್ಷರ ಕೊರೆಯುವ ಕಬ್ಬಿಣದ ಕಡ್ಡಿ. ಮುರಿದವನ್ನೆಲ್ಲ ಬಾಗಿಲಿಗೆ ತೋರಣ ಕಟ್ಟಿದ್ದರು. ಗಾಳಿ ಬೀಸಿದರೆ ಆ ಸದ್ದಿಗೆ ಮೂರು ಹರದಾರಿ ದೂರದ ನಾಯಿಗಳು ಬೊಗಳುತ್ತಿದ್ದವು.

ಆ ತೋರಣದಲ್ಲಿ ಸುಣ್ಣ ಸುಡುವ ದೊಡ್ಡೀರನದೂ ಒಂದಿತ್ತು. ಹನ್ನೆರಡು ವರ್ಷದ ಹಿಂದೆ ಅವನು ಎರಡು ಬಿಡಿಸಿ, ಮೂರನೆಯದಕ್ಕೆ ಬಾಯಿ ತೆರೆದು ಕೆಟ್ಟ. ಅಲ್ಲಿ ಏನು ಕೇಳಿದರು, ತಾನೇನು ಹೇಳಿದೆ ಎಂದು ಒಬ್ಬರಿಗೂ ಹೇಳಲಿಲ್ಲ. ಹಿಂದಿರುಗಿ ಬಂದು ಸುಣ್ಣದ ಗೂಡಿಗೆ ಕಲ್ಲು ಹೊತ್ತ. ಸುಣ್ಣ ಅರಳಿಸುವಾಗ ಸಿಡಿದು ಒಂದು ಕಣ್ಣು ಹೋಗಿತ್ತು, ಇನ್ನೊಂದರಲ್ಲಿ ಮಸುಕು ಬೆಳಕು ಉಳಿದಿತ್ತು.

ತಮ್ಮ ಸಣ್ಣೀರ ವಿದ್ಯಾಮನೆಯ ಗೋಡೆಗೆ ಸುಣ್ಣ ಬಳಿಯುತ್ತ, ಕಿಟಕಿಯಲ್ಲಿ ಇಣುಕಿ ಅಕ್ಷರ ಕಲಿತವನು. ಅಣ್ಣನ ಕಣ್ಣಿನಲ್ಲಿ ಬೆಳಕಿರುವಾಗಲೇ ಅವನು ಮತ್ತೆ ಓಲೆ ಹಿಡಿಯುವಂತಾಗಬೇಕು ಎಂಬುದೊಂದೇ ತಮ್ಮನ ಆಸೆ. ಹೊರಡುವಾಗ ದೊಡ್ಡೀರ ಹೇಳಿದ, “ಎರಡು ಬಿಡಿಸಿ ನಡುಮನೇಲಿ ಕೂತ್ಕೊ ಕಣಪ್ಪ. ಮೂರನೇದಕ್ಕೆ ಬಾಯಿ ಬಿಡಬೇಡ.”

ಸರದಿ ಮಾತ್ರ ಕುಲದ ಪ್ರಕಾರ. ಸುಣ್ಣದವರು ಕಟ್ಟಕಡೆಗೆ. ಸಾಲು ಬಿಟ್ಟವನ ಜಾಗ ಹೋಯಿತೆಂದೇ ಲೆಕ್ಕ. ಎರಡು ತಿಂಗಳು ನಿಂತರು. ಒಬ್ಬೊಬ್ಬನ ಗಡ್ಡ ಮುಂದಿನವನ ಬೆನ್ನು ಕೆರೆಯುವಷ್ಟು ಬೆಳೆಯಿತು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ಹೊರಗಿನವರಿಗೆ ಕಂಟ ಮುರಿಯುವ ಸದ್ದಷ್ಟೇ ಕೇಳುತ್ತಿತ್ತು.

ಮಂತ್ರಿಯ ಮಗ ಬರಿಗೈಲಿ ಹೊರಗೆ ಬಂದ. ಮೊದಲನೆಯದಕ್ಕೆ ‘ವಿದ್ಯೆ’ ಎಂದನಂತೆ, ವಿದ್ಯೆಗೆ ಹೊಗೆ ಬರುತ್ತದೆಯೇ ಎಂದು ರಾಜಕುಮಾರಿ ಕೇಳಿದಳಂತೆ. ದಂಡನಾಯಕನ ಮಗ ಎರಡನೆಯದರಲ್ಲಿ ಬಿದ್ದ. “ಅರಸರ ಕೋಪ ಅಂದೆ. ಅರಸರಿಗೇ ಕೋಪ ಬಂತು,” ಎಂದು ಗೊಣಗುತ್ತ ಹೋದ.

ಕೊನೆಗೆ ಸಣ್ಣೀರ ಒಳಗೆ ಹೋದ. ಬೊಪ್ಪರಾಜ ಆಕಳಿಸುತ್ತಿದ್ದ. ನಾಗಲೆ ಕೇಳಿದಳು, “ನೆರೆಮನೆಯಿಂದ ಕಡ ತರುತ್ತಾರೆ. ಕೊಟ್ಟ ಮನೆಯಲ್ಲಿ ಕಡಿಮೆಯಾಗದು, ತಂದವರು ಹಿಂದಕ್ಕೆ ಕೊಡರು. ಏನದು?”

“ಬೆಂಕಿ, ಅಮ್ಮಣ್ಣಿ. ನಮ್ಮ ಗೂಡಿಂದ ಇಡೀ ಕೇರಿ ಕೆಂಡ ಒಯ್ಯುತ್ತೆ.”

“ಬೆಂಕಿಯಲ್ಲಿ ಹಾಕಿದರೆ ಸುಮ್ಮನಿರುತ್ತದೆ, ತಣ್ಣೀರು ಹಾಕಿದರೆ ಕುದಿದು ಸಿಡಿಯುತ್ತದೆ. ಏನದು?”

“ಸುಣ್ಣದ ಕಲ್ಲು,” ಎಂದ ಸಣ್ಣೀರ. ಅಣ್ಣನ ಕಣ್ಣು ನೆನಪಾಗಿ ದನಿ ಸಣ್ಣಗಾಯಿತು.

ನಡುಮನೆ ಅವನದಾಯಿತು. ಸಾಕೇ ಎಂದು ಅರಸ ಕೇಳಿದ. ಅಣ್ಣನ ಮಾತು ಕಿವಿಯಲ್ಲೇ ಇತ್ತು. ಆದರೂ ಸಣ್ಣೀರ ಮೂರನೆಯದನ್ನೂ ಕೇಳಿ ಎಂದ.

ನಾಗಲೆ ಕೇಳಿದಳು, “ಈ ಮನೆಗೆ ಎಲ್ಲರಿಗಿಂತ ಮೊದಲು ಬಂದು, ಎಲ್ಲರನ್ನೂ ಒಳಗೆ ಬಿಟ್ಟು, ತಾನು ಮಾತ್ರ ಇಂದಿಗೂ ಹೊರಗೇ ಉಳಿದಿದೆ. ಏನು ಹೇಳು.”

ಸಣ್ಣೀರ ಗೋಡೆ ನೋಡಿದ. ಅದರ ಒಂದೊಂದು ಗೇಣೂ ಅವನಿಗೆ ಗೊತ್ತು. “ಕಟ್ಟಿದವರ ಕೈ, ಅಮ್ಮಣ್ಣಿ. ಕಲ್ಲು ಹೊತ್ತಿದ್ದು, ಬಾಗಿಲು ನಿಲ್ಲಿಸಿದ್ದು, ಸುಣ್ಣ ಬಳಿದಿದ್ದು.”

ಕಂಟ ಮುರಿಯುವವನು ಸುತ್ತಿಗೆ ಎತ್ತಿದ. ನಾಗಲೆ ಕೈ ಅಡ್ಡ ಹಿಡಿದಳು.

“ಒಗಟಿನ ಪುಸ್ತಕದಲ್ಲಿ ಹೊಸ್ತಿಲು ಅಂತ ಇದೆ. ಹನ್ನೆರಡು ವರ್ಷದ ಹಿಂದೆ ಒಬ್ಬ ನಿನ್ನ ಮಾತನ್ನೇ ಹೇಳಿದ. ನನಗಾಗ ಹದಿನೈದು. ಪುಸ್ತಕ ನೋಡಿ ತಪ್ಪು ಅಂದೆ. ಅವತ್ತು ಸಂಜೆ ಇಲ್ಲಿಂದ ಹೋಗುವಾಗ ಬಗ್ಗಿ ನೋಡಿದೆ. ಹೊಸ್ತಿಲು ಅರ್ಧ ಒಳಗೇ ಇದೆ. ಆಮೇಲೂ ಬಾಯಿ ಬಿಡಲಿಲ್ಲ ನಾನು. ಅವನ ಹೆಸರು ಮಾತ್ರ ಮರೆತಿಲ್ಲ, ದೊಡ್ಡೀರ.”

“ನಮ್ಮಣ್ಣ,” ಎಂದ ಸಣ್ಣೀರ.

ಅವನು ಕೇಳಿದ ವರ ಇಷ್ಟೇ: ಕಂಟ ಮುರಿಸಿಕೊಂಡವರೆಲ್ಲ ಅಕ್ಷರ ಮುಟ್ಟಲಿ, ತಪ್ಪಿದವರು ಮರುವರ್ಷ ಮತ್ತೆ ಬರಲಿ, ಸಾಲಿಗೆ ಮೊದಲು ಬಂದವರನ್ನು ಮೊದಲು ಕರೆಯಲಿ. ಬೊಪ್ಪರಾಜ ಒಪ್ಪಿದ. ನಾಗಲೆ ತೋರಣದಿಂದ ದೊಡ್ಡೀರನ ಕಂಟದ ಎರಡು ತುಂಡು ಬಿಚ್ಚಿಕೊಟ್ಟಳು. ತನ್ನ ಕೈಯಾರೆ ಒಂದು ಓಲೆ ಕೊರೆದುಕೊಟ್ಟಳು.

ಸಣ್ಣೀರ ಓಡಿದ ಓಟಕ್ಕೆ ಹಿಂದೆ ಎದ್ದ ಧೂಳು ಮೂರು ದಿನ ಕೆಳಗಿಳಿಯಲಿಲ್ಲ. ದೊಡ್ಡೀರ ಗೂಡಿನ ಮಗ್ಗುಲಲ್ಲಿ ಕೂತಿದ್ದ. “ಅಣ್ಣಯ್ಯಾ, ಓದು,” ಎಂದು ಓಲೆ ಮುಂದೆ ಹಿಡಿದ. ದೊಡ್ಡೀರ ಮುಖ ತಿರುಗಿಸಿದ, ತಮ್ಮ ನಿಂತ ಕಡೆಗಲ್ಲ, ಒಂದು ಮಾರು ಆಚೆಗೆ.

“ಇದ್ದ ಬೆಳಕೂ ಹೋಗಿ ಹದಿನೈದು ದಿನ ಆಯ್ತು ಕಣೋ. ಹೇಳಿ ಕಳಿಸಿದ್ದರೆ ಸಾಲು ಬಿಟ್ಟು ಬಂದುಬಿಡ್ತಿದ್ದೆ ನೀನು.”

ಓಲೆ ಇಸಿದುಕೊಂಡು ಬೆರಳಾಡಿಸಿದ. ಕೊರೆದ ಅಕ್ಷರ ಬೆರಳಿಗೆ ಸಿಕ್ಕುತ್ತದೆ. ಆದರೆ ಸುಣ್ಣ ತಿಂದ ಆ ಬೆರಳುಗಳು ಗರಿಯ ಮೇಲೆ ಸುಮ್ಮನೆ ಜಾರಿದವು.

“ನೀನೇ ಓದು,” ಎಂದ.

“ದೊಡ್ಡೀರನ ಉತ್ತರ ಸರಿ. ತಪ್ಪು ನನ್ನದು.”

“ಇನ್ನೊಂದು ಸಲ ಓದು.”

ಸಣ್ಣೀರ ಒಳಮನೆಯಲ್ಲಿ ಕೂತು ಓದಿ ಎಂಥ ಪಂಡಿತನಾದನೆಂದರೆ, ಅವನು ಕೆಮ್ಮಿದರೂ ಶಿಷ್ಯರು ಬರೆದಿಟ್ಟುಕೊಳ್ಳುತ್ತಿದ್ದರು. ಪಕ್ಕದಲ್ಲಿ ನಾಗಲೆ ದೊಡ್ಡೀರನಿಗೆಂದು ಹಾಸಿಸಿದ್ದ ಇನ್ನೊಂದು ಚಾಪೆ ಮಾತ್ರ ಯಾರೂ ಕೂರದೆ ಹಾಗೇ ಉಳಿಯಿತು. ಇದೆಲ್ಲ ಸುಳ್ಳು ಅನ್ನುವವರು ಬಿಳಿಕೋಟೆಗೆ ಹೋಗಿ ಆ ಗೋಡೆಗೆ ಬೆನ್ನು ಒರಗಿಸಿ ನೋಡಲಿ. ಅಂಗಿಗೆ ಹತ್ತುವ ಸುಣ್ಣ ದೊಡ್ಡೀರ ಸುಟ್ಟದ್ದೇ.