ಅಕ್ಕೋರ ಬೆತ್ತ, ಹೊಸ ಮೀಟರು

"ಅಜ್ಜಾರ, ಇಲ್ಲಿ ನನಗ ಯಾವ ಕೊರತಿನೂ ಇಲ್ಲ. ಆದ್ರೂ ಒಳಗ ನೋಡ್ಕೊಂಡ್ರ ಬರೇ ಖಾಲಿ ಕಾಣತೈತಿ. ಯಾಕ?"

ಕೇಳಿದವನು ಶಂಭುಲಿಂಗ, ಮಠದ ಶಿಷ್ಯ. ದಾಸೋಹದ ಒಲೆ ಅವನ ಪಾಲಿಗೆ ಬಂದು ಬಹಳ ವರ್ಷಗಳಾಗಿದ್ದವು. ಹಸಿದು ಬಂದವರು ಯಾರೂ ಆ ಮಠದಿಂದ ಹಸಿದು ಹೋದದ್ದಿಲ್ಲ. ಹಿಂದಿನ ತಿಂಗಳು ಬೇರೊಂದು ದೊಡ್ಡ ಮಠದಿಂದ ಮರಿಸ್ವಾಮಿಗಳೊಬ್ಬರು ಬಂದು ಕೆಲವು ದಿನ ತಂಗಿದ್ದರು. ಅವರು ಪೂಜೆಗೆ ಕೂತರೆ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಂದಿನಿಂದ ಶಂಭುಲಿಂಗನೂ ಪೂಜೆಗೆ ಕೂತಾಗಲೆಲ್ಲ ಕಣ್ಣು ಮುಟ್ಟಿ ನೋಡಿಕೊಳ್ಳುತ್ತಿದ್ದ. ಒಲೆಯ ಹೊಗೆಗೆ ಬರುತ್ತಿದ್ದ ನೀರು ಪೂಜೆಗೆ ಬರುತ್ತಿರಲಿಲ್ಲ. ತನ್ನೊಳಗೆ ಭಕ್ತಿಯೇ ಇಲ್ಲವೆಂದು ಅವನಿಗೆ ಖಾತ್ರಿಯಾಯಿತು. ಈಗ ಬಟ್ಟೆಯ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟು, ಹೊರಟುಹೋಗಲು ಅಪ್ಪಣೆ ಬೇಡಲು ಬಂದಿದ್ದ.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ಗಂಟನ್ನು ನೋಡಿದರು. ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ಕೂತುಕೋ ಎಂದು ಹೇಳಿ ಕತೆ ತೆಗೆದರು.

ಒಬ್ಬ ಡ್ರೈವರ್ ಇದ್ದ. ಅವನ ಹತ್ತಿರ ಒಂದು ಹಳೆಯ ವ್ಯಾನು ಇತ್ತು. ಅದು ಮೊದಲು ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರೊಬ್ಬರದು. ಹಳ್ಳಿಹಳ್ಳಿಯ ಹೆಣ್ಣುಮಕ್ಕಳು ನಡೆಯುವ ದೂರಕ್ಕೆ ಹೆದರಿ ಶಾಲೆ ಬಿಡುತ್ತಾರೆಂದು ಅವರು ಆ ವ್ಯಾನು ಕೊಂಡು, ಇವನನ್ನು ಕರೆದು ಸ್ಟೇರಿಂಗ್ ಹಿಡಿಸಿದ್ದರು. ಮುಂದೆ ಹಳ್ಳಿಗಳಿಗೆ ಬಸ್ಸು ಬಂತು, ಅಕ್ಕೋರಿಗೂ ನಿವೃತ್ತಿಯಾಯಿತು. ಅವರು ಕೀಲಿಕೈಯನ್ನು ಇವನ ಅಂಗೈಯಲ್ಲಿಟ್ಟು, ಇನ್ನು ಇದು ನಿನ್ನ ಮನೆ ನಡೆಸಲಿ ಎಂದರು. ವ್ಯಾನು ಹಾಗೆಯೇ ಮಾಡಿತು. ಅವನ ಮನೆಗೆ ಹೆಂಚು ಬಂದದ್ದು, ಮಗಳ ಮದುವೆಯಾದದ್ದು, ಎಲ್ಲ ಅದರ ಚಕ್ರದ ಮೇಲೆಯೇ.

ವ್ಯಾನಿನ ಮೀಟರು ಅಕ್ಕೋರ ಕಾಲದಲ್ಲೇ ಕೆಟ್ಟಿತ್ತು. ಗಾಜು ಮಬ್ಬಾಗಿ ಮುಳ್ಳುಗಳು ಮಲಗಿದ್ದವು. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಎಂದು ನೋಡಲು ಅಕ್ಕೋರು ತಮ್ಮ ಬೆತ್ತವನ್ನೇ ಕೊಟ್ಟಿದ್ದರು. ಮಕ್ಕಳಿಗೆ ಹೊಡೆಯಲು ಅವರಿಗೆ ಕೈ ಬರುತ್ತಿರಲಿಲ್ಲ, ಬೆತ್ತ ಸುಮ್ಮನೆ ಮೂಲೆಯಲ್ಲಿತ್ತು. ಡ್ರೈವರ್ ದಿನ ಬೆಳಗ್ಗೆ ಅದನ್ನು ಟ್ಯಾಂಕಿಗೆ ಇಳಿಸುವನು, ತೆಗೆದು ಎಲ್ಲಿಯವರೆಗೆ ಒದ್ದೆಯಾಗಿದೆ ನೋಡುವನು, ಒರೆಸಿ ಇಡುವನು. ಮಕ್ಕಳ ಮೈ ಮುಟ್ಟದ ಬೆತ್ತ ಡೀಸೆಲ್ ಕುಡಿದು ಕಪ್ಪಾಯಿತು. ಅಷ್ಟು ವರ್ಷಗಳಲ್ಲಿ ವ್ಯಾನು ಡೀಸೆಲ್ ಇಲ್ಲದೆ ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ.

ಒಂದು ದಿನ ಬಾಡಿಗೆ ಗಾಡಿಗಳ ಸ್ಟ್ಯಾಂಡಿಗೆ ಹೊಸ ವ್ಯಾನೊಂದು ಬಂತು. ಸಂಜೆಯಾದರೆ ಅದರ ಮೀಟರು ನೀಲಿಯಾಗಿ ಬೆಳಗುತ್ತಿತ್ತು. ಡೀಸೆಲ್ ಕಡಿಮೆಯಾದರೆ ಕೆಂಪು ದೀಪ ಹತ್ತಿ ಕೀಂ ಕೀಂ ಎನ್ನುತ್ತಿತ್ತು. ಡ್ರೈವರ್ ಅದನ್ನು ಬಗ್ಗಿ ನೋಡಿದ. ಮರುದಿನ ಬೆಳಗ್ಗೆ ತನ್ನ ಟ್ಯಾಂಕಿಗೆ ಬೆತ್ತ ಇಳಿಸುವಾಗ ಆಚೀಚೆ ಯಾರಾದರೂ ನೋಡುತ್ತಾರೋ ಎಂದು ಕಣ್ಣಾಡಿಸಿದ. ನಾಚಿಕೆ ಒಳಗೆ ಬಂದದ್ದು ಹಾಗೆ. ನಾಚಿಕೆ ಬಂದ ಮೇಲೆ ಆಸೆ ದೂರವಿರುವುದಿಲ್ಲ.

ಅವನು ಗುಜರಿಗೆ ಹೋಗಿ, ಅಪಘಾತವಾದ ಒಂದು ಹೊಸ ಗಾಡಿಯಿಂದ ಬಿಚ್ಚಿಟ್ಟಿದ್ದ ಮೀಟರು ತಂದ. ವೈರಿಂಗ್ ಕೆಲಸದವನು ಹಳೆಯ ಡ್ಯಾಶ್‌ಬೋರ್ಡನ್ನು ಉಜ್ಜಿ, ಕೊರೆದು, ಮೀಟರು ಕೂರಿಸಿದ. ತಂತಿಗಳ ಬಣ್ಣ ಇದರದ್ದು ಅದಕ್ಕೆ ಹೊಂದಲಿಲ್ಲ. ಹುಡುಕಿ ಹುಡುಕಿ ಒಂದಕ್ಕೊಂದು ಗಂಟು ಹಾಕಿದ. ಕೂರಿಸುವುದು ನನ್ನ ಕೆಲಸ, ಎರಡೂ ಒಂದಾಗಿ ಬಾಳುತ್ತವೋ ಇಲ್ಲವೋ ಓಡಿಸಿ ನೋಡು ಎಂದ. ಕೀಲಿ ತಿರುಗಿಸಿದರೆ ನೀಲಿ ಬೆಳಕು ಬಂತು. ಟ್ಯಾಂಕಿನಲ್ಲಿ ಅಂದು ಅರ್ಧ ಡೀಸೆಲ್ ಇತ್ತು. ಮುಳ್ಳು ಬಂದು ಸರಿಯಾಗಿ ಅರ್ಧಕ್ಕೆ ನಿಂತಿತು. ಇಬ್ಬರಿಗೂ ಸಂತೋಷವಾಯಿತು. ಇನ್ನೊಂದು ಸಂತೋಷವೆಂದರೆ, ಓಡಿದ ದೂರವನ್ನು ಆ ಮೀಟರು ತನ್ನ ಹಿಂದಿನ ಗಾಡಿಯ ಲೆಕ್ಕದಲ್ಲೇ ತೋರಿಸುತ್ತಿತ್ತು. ಮುದಿ ವ್ಯಾನು ಒಂದೇ ಮಧ್ಯಾಹ್ನಕ್ಕೆ ಹರೆಯದ ಹುಡುಗಿಯಾಯಿತು. ಡ್ರೈವರ್ ಬೆತ್ತವನ್ನು ಸೀಟಿನ ಕೆಳಗೆ ತುರುಕಿದ. ನಿನ್ನ ಕೆಲಸ ಮುಗಿಯಿತು ಎಂದ.

ಆ ಖುಷಿಗೆ ಪಂಪಿಗೆ ಹೋಗಿ ಟ್ಯಾಂಕು ತುಂಬಿಸಿದ. ಗಾಡಿ ಚಾಲೂ ಮಾಡಿದರೆ ಮುಳ್ಳು ತಳಕ್ಕೆ ಬಿದ್ದಿತ್ತು. ಕೆಂಪು ದೀಪ ಹತ್ತಿ ಕೀಂ ಕೀಂ ಎಂದಿತು.

ಪಂಪಿನವನು ಮೋಸ ಮಾಡಿದ ಎಂದುಕೊಂಡ. ಬೇರೆ ಪಂಪಿಗೆ ಹೋದ. ಅಲ್ಲಿ ಸ್ವಲ್ಪ ಹಾಕುವಷ್ಟರಲ್ಲಿ ಡೀಸೆಲ್ ಟ್ಯಾಂಕಿನ ಬಾಯಿಂದ ಉಕ್ಕಿ ಚೆಲ್ಲಿತು. ಅದನ್ನು ಕಣ್ಣಾರೆ ಕಂಡ. ಆದರೂ ಒಳಗೆ ಬಂದು ಕೂತರೆ ಕೆಂಪು ದೀಪ. ಕೈಗೆ ಅಂಟಿದ ಡೀಸೆಲ್ ಸುಳ್ಳಾಯಿತು, ದೀಪ ನಿಜವಾಯಿತು. ಎಲ್ಲೋ ಸೋರುತ್ತಿದೆ ಎಂದು ಗಾಡಿಯ ಕೆಳಗೆ ಮಲಗಿ ನೋಡಿದ, ಒಂದು ಹನಿಯೂ ಇರಲಿಲ್ಲ. ಕೊನೆಗೆ ಒಂದೇ ಮಾತು ಉಳಿಯಿತು. ಎಂಜಿನ್ನಿಗೆ ಮುಪ್ಪು ಬಂದಿದೆ, ಡೀಸೆಲ್ಲನ್ನು ನೀರು ಕುಡಿದ ಹಾಗೆ ಕುಡಿಯುತ್ತಿದೆ ಎಂದು ತೀರ್ಮಾನಿಸಿದ.

ಅಂದಿನಿಂದ ದೂರದ ಬಾಡಿಗೆ ಬಂದರೆ ಅವನು ಒಲ್ಲೆ ಎನ್ನತೊಡಗಿದ. ಪಕ್ಕದ ಊರಿಗೆ ಹೋಗುವುದು, ಬಂದು ಪಂಪಿನ ಮುಂದೆ ನಿಲ್ಲುವುದು. ದಿನವೂ ತುಂಬಿಸಿದರೂ ಮುಳ್ಳು ಕೆಂಪು ಬಿಟ್ಟು ಮೇಲೇಳಲೇ ಇಲ್ಲ. ಬೆತ್ತ ಅವನು ಕೂರುವ ಸೀಟಿನ ಕೆಳಗೇ ಇತ್ತು. ನೀಲಿ ಮೀಟರಿನ ಗಾಡಿಗೆ ಬೆತ್ತ ಇಳಿಸುವುದೇ ಎಂದು ಅದನ್ನು ಮುಟ್ಟಲಿಲ್ಲ. ವ್ಯಾನು ಕೆಮ್ಮಿದರೆ ಬೈದ, ಕೆಮ್ಮದಿದ್ದರೂ ಬೈದ. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಇವನು ಒಂದೊಂದೇ ಎಣಿಸಿದ. ಆರು ತಿಂಗಳು ಹೀಗೆ ಕಳೆದು, ಅಮಾವಾಸ್ಯೆ ಮುಗಿದ ಮೇಲೆ ಬಂದು ವ್ಯಾನು ಒಯ್ಯಲು ಗುಜರಿಯವನಿಗೆ ಹೇಳಿಬಿಟ್ಟ. ಹೇಳಿ ಬಂದ ದಿನ ಅವನಿಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಅಕ್ಕೋರಿಂದ ಕರೆ ಬಂತು. ಅವರ ತಂಗಿ ಒಂದು ಹಗಲಿನ ದಾರಿಯಾಚೆಯ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ಒಮ್ಮೆ ಮುಖ ತೋರಿಸಿ ಹೋಗು ಎಂದು ಹೇಳಿ ಕಳಿಸಿದ್ದರು. ಅಕ್ಕೋರಿಗೆ ಬಸ್ಸು ಹತ್ತುವ ಶಕ್ತಿ ಇರಲಿಲ್ಲ. ಡ್ರೈವರ್ ಅವರ ಮುಂದೆ ತಲೆತಗ್ಗಿಸಿ ನಿಂತ. ಅವರೇ ಕೊಟ್ಟ ಗಾಡಿ, ಅವರಿಗೇ ಇಲ್ಲ ಎನ್ನಬೇಕು.

"ಅಕ್ಕೋರ, ಗಾಡಿಗೆ ವಯಸ್ಸಾಗೇತ್ರಿ. ಅಷ್ಟು ದೂರ ಮುಟ್ಟಂಗಿಲ್ಲ."

"ವಯಸ್ಸು ನನಗೂ ಆಗೇತಿ. ನಿಂತಲ್ಲಿ ನಿಲ್ಲಲಿ, ಹೋಗೂಣು ನಡಿ."

ಹೊತ್ತು ಮೂಡುವ ಮೊದಲು ಹೊರಟರು. ಎಂದಿನಂತೆ ಟ್ಯಾಂಕು ತುಂಬಿಸಿದ, ಎಂದಿನಂತೆ ಕೆಂಪು ದೀಪ ಹತ್ತಿತು. ಈಗ ನಿಂತೀತು, ಈಗ ನಿಂತೀತು ಎಂದು ಉಸಿರು ಹಿಡಿದು ಓಡಿಸಿದ. ನಿಲ್ಲಲಿಲ್ಲ. ಬಿಸಿಲೇರುವ ಹೊತ್ತಿಗೆ ದೀಪ ಆರಿ, ಮುಳ್ಳು ಮೆಲ್ಲಗೆ ಕೆಂಪಿನಿಂದ ಮೇಲೆದ್ದಿತು. ಊಟದ ಹೊತ್ತಿಗೆ ಅರ್ಧಕ್ಕೆ ಬಂತು. ಊಟವಾಗಿ ಹೊರಟ ಮೇಲೆ ಅರ್ಧವನ್ನೂ ದಾಟಿತು. ಡ್ರೈವರಿನ ಕಣ್ಣು ದಾರಿಗಿಂತ ಮೀಟರಿನ ಮೇಲೆ ಹೆಚ್ಚಿತ್ತು. ಓಡಿದಷ್ಟೂ ತುಂಬುವ ಟ್ಯಾಂಕು ಯಾರು ಕಂಡಿದ್ದಾರೆ? ಅಕ್ಕೋರು ಕೂತದ್ದರಿಂದಲೇ ಹೀಗೆ, ಇದು ಅವರ ಪುಣ್ಯ ಎಂದು ಅವನಿಗೆ ಅನಿಸಿತು. ಅನಿಸಿದ್ದನ್ನು ಹೇಳಿಯೂ ಹೇಳಿದ.

"ಪುಣ್ಯದಿಂದ ಡೀಸೆಲ್ ಬರೂದಾಗಿದ್ರ ಪಂಪಿನಾಗ ಸ್ವಾಮಿಗೋಳು ಕುಂತಿರ್ತಿದ್ರಪಾ" ಎಂದರು ಅಕ್ಕೋರು. ಹಾಗೆಂದು ಸೆರಗು ಹೊದ್ದು ಕಣ್ಣು ಮುಚ್ಚಿದರು.

ಇಲ್ಲಿ ಅಜ್ಜನವರು ತಾವೇ ನಕ್ಕರು. ಶಂಭುಲಿಂಗನಿಗೂ ನಗು ಬಂತು, ತಡೆದುಕೊಂಡ. ಅಜ್ಜನವರು ಮುಂದುವರಿಸಿದರು.

ದಾರಿಯಲ್ಲಿ ಪಂಪುಗಳು ಬಂದವು. ಆರು ತಿಂಗಳಿಂದ ಪಂಪು ಕಂಡರೆ ಕೈಮುಗಿದು ನಿಲ್ಲುತ್ತಿದ್ದವನು ಈಗ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಮುಳ್ಳು ಏರುತ್ತ ಹೋದಂತೆ ಅವನ ಎದೆಯೂ ಉಬ್ಬಿತು, ಹಾಡೂ ಬಂತು. ಹೊತ್ತು ಇಳಿಯುವಾಗ ಮುಳ್ಳು ತುದಿಗೆ ಮುಟ್ಟಿತು. ಟ್ಯಾಂಕು ತುಂಬಿ ತುಳುಕುತ್ತಿದೆ ಎಂದು ಮೀಟರು ಹೇಳುತ್ತಿತ್ತು. ವ್ಯಾನು ಎರಡು ಸಲ ತೇಕಿ, ಬಯಲಿನ ನಡುವೆ ನಿಂತುಬಿಟ್ಟಿತು.

ಅಕ್ಕೋರ ತಂಗಿಯ ಊರು ಇನ್ನೂ ಎರಡು ಹರದಾರಿ ದೂರ ಇತ್ತು. ಆಕೆ ಇವತ್ತು ಇದ್ದಾರೆ, ನಾಳೆಯ ಮಾತು ಯಾರಿಗೂ ಗೊತ್ತಿಲ್ಲ. ಡ್ರೈವರ್ ಎಂಜಿನ್ ನೋಡಿದ, ಬೆಲ್ಟು ನೋಡಿದ, ತಂತಿ ಎಳೆದು ನೋಡಿದ. ಡೀಸೆಲ್ಲಿನ ಕಡೆ ಮನಸ್ಸು ಹೋಗಲೇ ಇಲ್ಲ. ಅದು ತುಂಬಿದೆಯಲ್ಲ. ಅಕ್ಕೋರು ಕೆಳಗಿಳಿದು ಬಂದು, ನನ್ನ ಬೆತ್ತ ಎಲ್ಲಿ ಎಂದು ಕೇಳಿದರು.

ಸೀಟಿನ ಕೆಳಗಿಂದ ಬೆತ್ತ ಹೊರಬಂತು. ಅವನು ಟ್ಯಾಂಕಿನ ಮುಚ್ಚಳ ತೆಗೆದು ಇಳಿಸಿದ. ಬೆತ್ತ ತಳಕ್ಕೆ ಹೋಗಿ ಟಕ್ಕೆಂದಿತು. ಮೇಲೆ ಬಂದಾಗ ತುದಿ ಮಾತ್ರ ಒದ್ದೆಯಿತ್ತು.

ಅವನು ಬೆತ್ತವನ್ನು ನೋಡಿದ, ಕಿಟಕಿಯಿಂದ ಮೀಟರನ್ನು ನೋಡಿದ. ಒಂದು ಖಾಲಿ ಎನ್ನುತ್ತದೆ, ಇನ್ನೊಂದು ತುಂಬಿದೆ ಎನ್ನುತ್ತದೆ. ಯಾವುದನ್ನು ನಂಬಬೇಕೋ ತಿಳಿಯದೆ ನಿಂತ. ಆಗ ಆ ದಾರಿಯಲ್ಲಿ ಟ್ರ್ಯಾಕ್ಟರಿನವನೊಬ್ಬ ಬಂದ. ಕಷ್ಟ ಕೇಳಿ ತನ್ನ ಕ್ಯಾನಿನಲ್ಲಿದ್ದ ಡೀಸೆಲ್ ಕೊಟ್ಟ. ಊರು ಹೆಸರು ಹೇಳದೆ ಹೋದ. ಡ್ರೈವರ್ ಅಕ್ಕೋರಿಗೆ ಮೀಟರು ನೋಡುತ್ತಿರಿ ಎಂದು ಹೇಳಿ, ಕೀಲಿ ತಿರುಗಿಸಿ ಬಿಟ್ಟು, ಡೀಸೆಲ್ ಸುರಿದ. ಕೆಳಗೆ ಇಳಿಯುತ್ತಿದೆ ಎಂದರು ಅಕ್ಕೋರು. ಅವನು ಓಡಿಬಂದು ನೋಡಿದ. ತುಂಬಿದಷ್ಟೂ ಮುಳ್ಳು ಇಳಿದಿತ್ತು.

ಅವನಿಗೆ ಎಲ್ಲ ಒಮ್ಮೆಲೇ ತಿಳಿಯಿತು. ಪಂಪಿನವನು ಮೋಸ ಮಾಡಿರಲಿಲ್ಲ. ಟ್ಯಾಂಕು ಸೋರಿರಲಿಲ್ಲ. ಎಂಜಿನ್ನು ಮೊದಲಿನಷ್ಟೇ ಕುಡಿದು ಮೊದಲಿನ ಹಾಗೆಯೇ ದುಡಿದಿತ್ತು. ಅವನು ಚಕ್ರಕ್ಕೆ ಆನಿಕೊಂಡು ಕೂತುಬಿಟ್ಟ.

"ಅಕ್ಕೋರ, ತುಂಬಿದ ಟ್ಯಾಂಕಿನ ಮ್ಯಾಲೆ ಕುಂತು ಆರು ತಿಂಗಳ ಅತ್ತೀನ್ರಿ. ಇದನ್ನ ಗುಜರಿಗೆ ಹಾಕಾಕ ಹೊಂಟಿದ್ದೆ."

ಅಕ್ಕೋರು ಬೈಯಲಿಲ್ಲ. ಬೆತ್ತವನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟರು. ಅವನು ಡೀಸೆಲ್ ಮುಗಿದಾಗ ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದು ಗಾಡಿ ಚಾಲೂ ಮಾಡಿದ. ದೀಪ ಹಚ್ಚುವ ಹೊತ್ತಿಗೆ ಊರು ಮುಟ್ಟಿದರು. ತಂಗಿ ಎಚ್ಚರವಾಗಿದ್ದರು. ಅಕ್ಕನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಂದೆಯಾ ಎಂದರು. ಅಕ್ಕೋರು ಬಾಗಿಲಲ್ಲಿ ನಿಂತಿದ್ದ ಡ್ರೈವರನ್ನು ತೋರಿಸಿ, ಇವನು ಕರೆತಂದ ಎಂದರು. ನಾನಲ್ಲ, ಗಾಡಿ ಎಂದ ಅವನು. ಹೊರಗೆ ಬಂದು ವ್ಯಾನಿನ ಬಾನೆಟ್ಟಿಗೆ ಹಣೆ ಮುಟ್ಟಿಸಿ ಬಹಳ ಹೊತ್ತು ನಿಂತ.

ಊರಿಗೆ ಮರಳಿದ ಮೇಲೆ ಗುಜರಿಯವನನ್ನು ಚಹಾ ಕುಡಿಸಿ ಕಳಿಸಿದ. ವೈರಿಂಗ್ ಕೆಲಸದವನ ಹತ್ತಿರ ಹೋಗಿ ಮೀಟರು ಸುಳ್ಳು ಹೇಳುತ್ತದೆ ಎಂದ. ಅವನು ಪರೀಕ್ಷೆ ಮಾಡಿ, ಸುಳ್ಳು ಯಾರೂ ಹೇಳಿಲ್ಲ ಎಂದ. ಟ್ಯಾಂಕಿನೊಳಗೆ ಡೀಸೆಲ್ ಮೇಲೆ ತೇಲುವ ಒಂದು ಫ್ಲೋಟು ಇರುತ್ತದೆ. ಎಷ್ಟು ಡೀಸೆಲ್ ಇದೆ ಎಂದು ತಂತಿಯಲ್ಲಿ ಸುದ್ದಿ ಕಳಿಸುವುದು ಅದರ ಕೆಲಸ. ನಿನ್ನ ಗಾಡಿಯ ಫ್ಲೋಟು ಯಾವ ಸುದ್ದಿಗೆ ತುಂಬಿದೆ ಎನ್ನುತ್ತದೋ, ಆ ಗಾಡಿಯ ಮೀಟರು ಅದೇ ಸುದ್ದಿಗೆ ಖಾಲಿ ಎಂದು ಓದುತ್ತದೆ. ಅಂದು ಟ್ಯಾಂಕು ಅರ್ಧವಿತ್ತು, ಅರ್ಧ ಎರಡಕ್ಕೂ ಅರ್ಧವೇ, ಅದಕ್ಕೆ ನಮಗೆ ಗೊತ್ತಾಗಲಿಲ್ಲ ಎಂದ. ಆ ಮೀಟರಿಗೆ ಒಪ್ಪುವ ಫ್ಲೋಟು ತಂದು ಹಾಕಿ ಸರಿಮಾಡಿಕೊಟ್ಟ.

ಡ್ರೈವರ್ ಬಿಚ್ಚಿದ ಹಳೆಯ ಫ್ಲೋಟನ್ನು ಎಸೆಯಲಿಲ್ಲ. ಅಷ್ಟು ವರ್ಷ ಕತ್ತಲೆಯಲ್ಲಿದ್ದು, ಕೇಳುವವರಿಲ್ಲದಿದ್ದರೂ ದಿನವೂ ನಿಜವನ್ನೇ ಹೇಳಿದ ವಸ್ತು ಅದು. ತೊಳೆದು ದೇವರಮನೆಯ ಜಗುಲಿಯ ಮೇಲೆ ದೇವರ ಪಕ್ಕದಲ್ಲಿಟ್ಟ. ಆಯುಧಪೂಜೆಗೆ ಮೊದಲ ಕುಂಕುಮ ಅದಕ್ಕೆ, ಎರಡನೆಯದು ಬೆತ್ತಕ್ಕೆ. ಮೀಟರು ಈಗ ಸರಿಯಾಗಿಯೇ ತೋರಿಸುತ್ತದೆ. ಆದರೂ ಬೆಳಗಾದರೆ ಅವನು ಸ್ಟ್ಯಾಂಡಿನಲ್ಲಿ ಎಲ್ಲರೆದುರು ಬೆತ್ತ ಇಳಿಸುತ್ತಾನೆ. ಒದ್ದೆಯಾದ ಗುರುತು ನೋಡಿ, ಇಷ್ಟು ಇದೆಯಲ್ಲ ಎಂದು ಬೆತ್ತವನ್ನು ಕಣ್ಣಿಗೊತ್ತಿಕೊಂಡು ಆಮೇಲೆ ಗಾಡಿ ಹತ್ತುತ್ತಾನೆ.

ಅಜ್ಜನವರು ಕತೆ ನಿಲ್ಲಿಸಿದರು. ಒಳಗೆ ದಾಸೋಹದಲ್ಲಿ ಯಾರೋ ಎಲೆ ಹಾಸುತ್ತಿದ್ದರು. ಉಂಡು ಹೊರಟ ಮುದುಕಿಯೊಬ್ಬಳು ಬಾಗಿಲಲ್ಲಿ ಗಂಟು ಕಂಡು, ದಾಟಿಕೊಂಡು, ಒಲೆಯ ಮುಂದಿನ ನಿನ್ನ ಕೈ ತಣ್ಣಗಿರಲಪ್ಪ ಎಂದು ಶಂಭುಲಿಂಗನನ್ನು ಹರಸಿ ಹೋದಳು. ಅವನು ಅದನ್ನು ಕೇಳಿದ ಹಾಗೆ ಕಾಣಲಿಲ್ಲ. ಅವನು ಇನ್ನೂ ವ್ಯಾನಿನಲ್ಲೇ ಇದ್ದ. ಟ್ಯಾಂಕು ಚೆನ್ನಾಗಿತ್ತು, ಮೀಟರೂ ಚೆನ್ನಾಗಿತ್ತು, ಹಾಗಾದರೆ ಆ ಡ್ರೈವರ್ ಯಾಕೆ ಅಳಬೇಕಾಯಿತು ಎಂದು ಕೇಳಿದ.

ಅಜ್ಜನವರು ಮೊದಲು ಬಾಗಿಲ ಬಳಿಯ ಗಂಟನ್ನು ನೋಡಿದರು, ಆಮೇಲೆ, ಮರಿಸ್ವಾಮಿಗಳು ಬಂದು ಹೋದಂದಿನಿಂದ ಅವನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ ಒಣಗಿದ ಕಣ್ಣನ್ನು ನೋಡಿದರು.

"ಟ್ಯಾಂಕು ನಿಂದು. ಮೀಟರು ಯಾರದೋ ತಮ್ಮಾ?"